ಹುಣ್ಣಿಮೆ ಗೊತ್ತಿತ್ತು, ಗಾಳಿ ಗೊತ್ತಿರಲಿಲ್ಲ

ಪ್ರಶ್ನೆ: ಎರಡನೇ ಮಹಾಯುದ್ಧದಲ್ಲಿ ನಾರ್ಮಂಡಿಯ ಮೇಲಿನ ದಾಳಿಯನ್ನು ಹವಾಮಾನ ವರದಿ ಕೇಳಿ ಒಂದು ದಿನ ಮುಂದೂಡಿದರಂತೆ. ಉಪಗ್ರಹ, ಕಂಪ್ಯೂಟರ್ ಯಾವುದೂ ಇಲ್ಲದ ಕಾಲದಲ್ಲಿ ಅಷ್ಟು ದೊಡ್ಡ ಸೈನ್ಯ ಒಬ್ಬ ಹವಾಮಾನ ತಜ್ಞರ ಮಾತು ನಂಬಿ ಹೊರಟಿದ್ದು ಹೇಗೆ? ಇವತ್ತಿಗೂ ನಾಳೆ ಮಳೆ ಅಂದರೆ ಬಿಸಿಲು ಬೀಳುತ್ತದಲ್ಲ! ನಮ್ಮ ಸೈನ್ಯದವರೂ ಹೀಗೆ ಹವಾಮಾನ ನೋಡಿ ಯುದ್ಧಕ್ಕೆ ಇಳಿದದ್ದುಂಟೇ?
– ಬಾಗಲಕೋಟೆಯ ಓದುಗರೊಬ್ಬರು

ಉತ್ತರ: ಮುಂದೂಡಿದ್ದು ನಿಜ. 1944ರ ಜೂನ್ 5, ಸೋಮವಾರಕ್ಕೆ ಗೊತ್ತಾಗಿದ್ದ ದಾಳಿ ಜೂನ್ 6, ಮಂಗಳವಾರಕ್ಕೆ ಹೋಯಿತು. ಆದರೆ ‘ಒಬ್ಬರ ಮಾತು ನಂಬಿ’ ಎಂದಿದ್ದೀರಲ್ಲ, ಅದನ್ನು ಸ್ವಲ್ಪ ತಿದ್ದಬೇಕು. ಆ ಮಾತು ಒಬ್ಬರದಾಗಿರಲಿಲ್ಲ. ಅದನ್ನು ಕೇಳಿದವರೂ ಕಣ್ಣುಮುಚ್ಚಿ ನಂಬಲಿಲ್ಲ. ಆ ಮೂರು ರಾತ್ರಿ ನಡೆದದ್ದನ್ನು ತಿಳಿದರೆ, ಮುನ್ಸೂಚನೆ ಎಂದರೆ ಏನು, ಅದರಿಂದ ಎಷ್ಟನ್ನು ನಿರೀಕ್ಷಿಸಬೇಕು ಎಂಬುದೇ ಬೇರೆಯಾಗಿ ಕಾಣುತ್ತದೆ.

ಮೊದಲು, ಆ ದಿನವೇ ಏಕೆ? ಇಂಗ್ಲೆಂಡಿನಿಂದ ಕಡಲ್ಗಾಲುವೆ ದಾಟಿ ಫ್ರಾನ್ಸಿನ ನಾರ್ಮಂಡಿ ದಂಡೆಗೆ ಒಂದೇ ದಿನ ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ಇಳಿಯಬೇಕಿತ್ತು. ಅವರೊಂದಿಗೆ ಹೊರಡುವ ನೌಕೆ, ದೋಣಿಗಳು ಸುಮಾರು 7,000. ದಂಡೆಯುದ್ದಕ್ಕೂ ಜರ್ಮನ್ ಸೇನಾಪತಿ ರೊಮೆಲ್ ಮರದ ಕಂಬ, ಕಬ್ಬಿಣದ ಅಡ್ಡೆಗಳನ್ನು ನೆಡಿಸಿ, ಹಲವುಗಳ ತುದಿಗೆ ಸಿಡಿಮದ್ದು ಕಟ್ಟಿಸಿದ್ದ. ಉಬ್ಬರ ತುಂಬಿದ ಹೊತ್ತಿನಲ್ಲಿ ಬಂದರೆ ಅವು ನೀರಿನಡಿ ಕಾಣದೆ ದೋಣಿಯ ಹೊಟ್ಟೆ ಸೀಳುತ್ತವೆ. ನೀರು ತೀರಾ ಇಳಿದಾಗ ಬಂದರೆ ಸೈನಿಕರು ಬಟ್ಟಬಯಲು ಮರಳಿನಲ್ಲಿ ನೂರಾರು ಮೀಟರ್ ಗುಂಡಿಗೆ ಎದೆಯೊಡ್ಡಿ ಓಡಬೇಕು. ಹಾಗಾಗಿ ಇಳಿತ ಮುಗಿದು ನೀರು ಏರತೊಡಗಿದ ಹೊತ್ತೇ ಬೇಕು. ಅದೂ ಬೆಳಕು ಹರಿದ ಸ್ವಲ್ಪ ಹೊತ್ತಿಗೇ ಬರಬೇಕು. ಅದಕ್ಕೂ ಮುಂಚಿನ ರಾತ್ರಿ ಪ್ಯಾರಾಚೂಟಿನಲ್ಲಿ ಇಳಿಯುವವರಿಗೆ, ಗ್ಲೈಡರ್ ನಡೆಸುವವರಿಗೆ ನೆಲ ಕಾಣುವಷ್ಟು ಬೆಳದಿಂಗಳು ಬೇಕು. ಇವೆಲ್ಲ ಕೂಡಿ ಬರುವುದು ಜೂನ್ 5, 6, 7 ಈ ಮೂರೇ ದಿನ. ತಪ್ಪಿದರೆ ಮತ್ತೆ ಉಬ್ಬರ ಸರಿಹೊಂದುವುದು ಸುಮಾರು ಎರಡು ವಾರ ಕಳೆದು. ಆಗ ಅಮಾವಾಸ್ಯೆಯ ಕತ್ತಲು.

ಜೂನ್ 6 ಹುಣ್ಣಿಮೆ. ನೀವು ಬಾಗಲಕೋಟೆಯವರಾದ್ದರಿಂದ ಇದನ್ನು ಹೇಳಲೇಬೇಕು: ಅದು ಜ್ಯೇಷ್ಠ ಮಾಸದ ಹುಣ್ಣಿಮೆ, ಅಂದರೆ ನಮ್ಮ ಕಾರ ಹುಣ್ಣಿಮೆ. ನಿಮ್ಮ ಕಡೆಯ ಊರುಗಳಲ್ಲಿ ಎತ್ತುಗಳ ಮೈತೊಳೆದು ಕೋಡಿಗೆ ಬಣ್ಣ ಬಳಿದು, ಕರಿ ಹರಿಯುವಾಗ ಯಾವ ಬಣ್ಣದ ಎತ್ತು ಮುಂದೆ ಬಂತು ಎಂದು ನೋಡಿ ಆ ವರ್ಷ ಯಾವ ಬೆಳೆ ಕೈಹಿಡಿಯುತ್ತದೆಂದು ಹೇಳುವ ದಿನ. ಮುಂದೆ ಏನು ಕಾದಿದೆಯೋ ತಿಳಿಯಬೇಕೆಂಬ ತವಕ ಎಲ್ಲಿಯದಾದರೂ ಒಂದೇ.

ಹುಣ್ಣಿಮೆಯನ್ನೂ ಉಬ್ಬರವನ್ನೂ ಗ್ರಹಣದಂತೆ ವರ್ಷಗಳ ಮೊದಲೇ ಲೆಕ್ಕ ಹಾಕಬಹುದು. ಲಿವರ್‌ಪೂಲ್ ಬಳಿಯ ಬಿಡ್‌ಸ್ಟನ್ ವೀಕ್ಷಣಾಲಯದಲ್ಲಿ ಆರ್ಥರ್ ಡೂಡ್ಸನ್ ಎಂಬ ಗಣಿತಜ್ಞರು ಹಿತ್ತಾಳೆಯ ಗಾಲಿ, ರಾಟೆಗಳ ಯಂತ್ರ ತಿರುಗಿಸಿ ಈ ಕೋಷ್ಟಕಗಳನ್ನು ಮಾಡಿಕೊಟ್ಟರು. ಅವರಿಗೆ ಜಾಗದ ಹೆಸರು ಹೇಳಿರಲಿಲ್ಲ, ಅಂಕಿ ಮಾತ್ರ ಕೊಟ್ಟಿದ್ದರು. ಆ ಲೆಕ್ಕ ಎಷ್ಟು ಸೂಕ್ಷ್ಮವಾಗಿತ್ತೆಂದರೆ, ಉಬ್ಬರ ಪಶ್ಚಿಮದಿಂದ ಪೂರ್ವಕ್ಕೆ ಏರುತ್ತ ಹೋಗುವುದರಿಂದ ಅಮೆರಿಕನ್ನರು ಬೆಳಗ್ಗೆ 6.30ಕ್ಕೂ, ಪೂರ್ವದಲ್ಲಿ ಬ್ರಿಟಿಷರು ಸುಮಾರು ಒಂದು ಗಂಟೆ ತಡವಾಗಿಯೂ ಇಳಿಯಬೇಕೆಂದು ಗೊತ್ತುಮಾಡಿದ್ದರು.

ಗಾಳಿ ಮತ್ತು ಮೋಡಕ್ಕೆ ಅಂಥ ಯಂತ್ರ ಇರಲಿಲ್ಲ. ಅಲೆ ಎದ್ದರೆ ಚಪ್ಪಟೆ ತಳದ ದೋಣಿಗಳು ಮಗುಚುತ್ತವೆ. ಮೋಡ ಕೆಳಗಿಳಿದರೆ ಬಾಂಬರ್‌ಗಳಿಗೆ ಗುರಿ ಕಾಣುವುದಿಲ್ಲ, ಹಡಗಿನ ಫಿರಂಗಿಗಳ ಗುಂಡು ಎಲ್ಲಿ ಬಿತ್ತೆಂದು ಮೇಲಿನಿಂದ ಹೇಳುವವರಿಲ್ಲ. ಲೆಕ್ಕಕ್ಕೆ ಸಿಗುವುದನ್ನೆಲ್ಲ ಹಿಡಿದ ಮೇಲೆ ಉಳಿದದ್ದು ಈ ಎರಡೇ. ಇಡೀ ದಾಳಿ ಇವುಗಳ ಮೇಲೆ ನಿಂತಿತ್ತು.

ಸರ್ವೋಚ್ಚ ದಂಡನಾಯಕ ಐಸೆನ್‌ಹೋವರ್ ಅವರ ಮುಖ್ಯ ಹವಾಮಾನ ಸಲಹೆಗಾರರಾಗಿದ್ದವರು ಜೇಮ್ಸ್ ಸ್ಟ್ಯಾಗ್, ಸ್ಕಾಟ್ಲೆಂಡಿನವರು. ಅವರ ಕೆಲಸ ಸ್ವಂತ ಮುನ್ಸೂಚನೆ ಬರೆಯುವುದಲ್ಲ. ಮೂರು ತಂಡಗಳ ಮಾತು ಕೇಳಿ ಒಂದು ಮಾತಾಗಿ ಹೇಳುವುದು. ಒಂದು ತಂಡ ಡನ್‌ಸ್ಟಬಲ್‌ನಲ್ಲಿದ್ದ ಬ್ರಿಟಿಷ್ ಹವಾಮಾನ ಇಲಾಖೆಯದು, ಇನ್ನೊಂದು ಬ್ರಿಟಿಷ್ ನೌಕಾಪಡೆಯದು, ಮತ್ತೊಂದು ಅಮೆರಿಕದ ವಾಯುಪಡೆಯದು. ದಿನಕ್ಕೆ ಹಲವು ಸಲ, ಗಂಟೆಗಟ್ಟಲೆ ಟೆಲಿಫೋನಿನಲ್ಲಿ ಇವರ ವಾದ ನಡೆಯುತ್ತಿತ್ತು. ಅಮೆರಿಕನ್ನರ ಅರ್ವಿಂಗ್ ಕ್ರಿಕ್ ಹಳೆಯ ನಕ್ಷೆಗಳ ರಾಶಿ ತೆಗೆದು, ಈ ಹೊತ್ತಿನ ಆಕಾಶಕ್ಕೆ ಹೋಲುವ ಹಿಂದಿನ ದಿನ ಹುಡುಕಿ, ಆಗ ಏನಾಯಿತೋ ಈಗಲೂ ಅದೇ ಆಗುತ್ತದೆ ಎನ್ನುತ್ತಿದ್ದವರು. ಡನ್‌ಸ್ಟಬಲ್‌ನಲ್ಲಿದ್ದ ನಾರ್ವೆಯ ಸ್ವೆರ್ರೆ ಪೆಟರ್ಸನ್ ಎತ್ತರದ ಗಾಳಿಯ ಚಲನೆ ನೋಡಿ ಲೆಕ್ಕ ಹಾಕುವವರು. ಅವರ ಪಕ್ಕದಲ್ಲೇ ಕುಳಿತಿದ್ದ ಅನುಭವಿ ಸಿ.ಕೆ.ಎಂ. ಡಗ್ಲಸ್, ಆ ಸೀಮೆಯ ಹವೆಯನ್ನು ಒಂದೆರಡು ದಿನದಾಚೆಗೆ ಹೇಳುವುದೇ ಆಗದ ಕೆಲಸ ಎಂದು ನಂಬಿದವರು. ಐಸೆನ್‌ಹೋವರ್‌ಗೆ ಬೇಕಾಗಿದ್ದದ್ದು ನಾಲ್ಕೈದು ದಿನ ಮುಂಚಿನ ಮಾತು!

ನೀವು ‘ನಂಬಿದ್ದು ಹೇಗೆ’ ಎಂದು ಕೇಳಿದಿರಿ. ಐಸೆನ್‌ಹೋವರ್ ಆ ನಂಬಿಕೆಯನ್ನು ವಾರಗಳ ಕಾಲ ಪರೀಕ್ಷೆ ಮಾಡಿಯೇ ಬೆಳೆಸಿಕೊಂಡಿದ್ದರು. ದಾಳಿಗೆ ಮುಂಚಿನ ವಾರಗಳಲ್ಲಿ ಪ್ರತಿ ಸೋಮವಾರ ಸ್ಟ್ಯಾಗ್ ಬಂದು, ಆ ವಾರ ದಾಳಿ ಇದ್ದಿದ್ದರೆ ಹವೆ ಹೇಗಿರುತ್ತಿತ್ತು ಎಂದು ಹೇಳಬೇಕು. ಆಮೇಲೆ ನಡೆದದ್ದರೊಂದಿಗೆ ಅದನ್ನು ತಾಳೆ ನೋಡುತ್ತಿದ್ದರು. ಸ್ಟ್ಯಾಗ್ ಎಲ್ಲಿ ಗಟ್ಟಿಯಾಗಿ ಹೇಳುತ್ತಾರೆ, ಎಲ್ಲಿ ಅನುಮಾನ ಪಡುತ್ತಾರೆ, ಆ ಅನುಮಾನಕ್ಕೆ ಎಷ್ಟು ಬೆಲೆ ಎಂಬುದು ಜೂನ್ ಬರುವ ಹೊತ್ತಿಗೆ ದಂಡನಾಯಕರಿಗೆ ಮನವರಿಕೆಯಾಗಿತ್ತು. ನನ್ನ ಮಟ್ಟಿಗೆ ಈ ಕಥೆಯ ತಿರುಳು ಇದೇ.

ಇನ್ನು ಈ ತಜ್ಞರೆಲ್ಲ ಯಾವುದರ ಮೇಲೆ ವಾದ ಮಾಡುತ್ತಿದ್ದರು? ನೂರಾರು ಜಾಗಗಳಿಂದ ಬರುವ ವಾಯುಭಾರ, ಗಾಳಿ, ಉಷ್ಣತೆ, ಮೋಡದ ಅಂಕಿಗಳ ಮೇಲೆ. ಆ ಅಂಕಿಗಳನ್ನು ನಕ್ಷೆಯ ಮೇಲೆ ಗುರುತಿಸಿ, ಸಮಭಾರ ರೇಖೆಗಳನ್ನು ಪೆನ್ಸಿಲಿನಲ್ಲಿ ಕೈಯಾರೆ ಎಳೆಯುತ್ತಿದ್ದರು. ಅಟ್ಲಾಂಟಿಕ್ ಸಾಗರದ ಹವೆ ಪಶ್ಚಿಮದಿಂದ ಪೂರ್ವಕ್ಕೆ ಸರಿಯುತ್ತದೆ. ಅಂದಮೇಲೆ ಯುರೋಪಿನ ಪಶ್ಚಿಮದ ಅಂಚಿನ ಐರ್ಲೆಂಡಿನಲ್ಲಿ ಈಗ ಏನಾಗುತ್ತಿದೆಯೋ ಅದು ನಾಳೆ ನಾರ್ಮಂಡಿಯ ಪಾಲಿಗೆ.

ಐರ್ಲೆಂಡಿನ ಮೇಯೊ ಜಿಲ್ಲೆಯ ತುತ್ತತುದಿಯಲ್ಲಿ ಬ್ಲ್ಯಾಕ್‌ಸಾಡ್ ಎಂಬ ಹಳ್ಳಿ. ಅಲ್ಲೊಂದು ಅಂಚೆ ಕಚೇರಿ, ಅದರಲ್ಲೇ ಹವಾಮಾನ ಕೇಂದ್ರ, ಹತ್ತಿರ ದೀಪಸ್ತಂಭ. ಅಂಚೆ ಸಹಾಯಕಿಯ ಕೆಲಸವೆಂದು ಅರ್ಜಿ ಹಾಕಿ ಬಂದ ಮೌರೀನ್ ಫ್ಲ್ಯಾವಿನ್ ಎಂಬ ಹುಡುಗಿಗೆ, ವಾಯುಭಾರಮಾಪಕ ನೋಡಿ ವರದಿ ಕಳಿಸುವುದೂ ತನ್ನ ಪಾಲಿಗಿದೆ ಎಂದು ಗೊತ್ತಾದದ್ದು ಬಂದ ಮೇಲೆ. ಐರ್ಲೆಂಡ್ ಯುದ್ಧದಲ್ಲಿ ತಟಸ್ಥ ದೇಶ. ಆದರೂ ಹವಾಮಾನದ ವರದಿಗಳು ಡಬ್ಲಿನ್ ಮೂಲಕ ಬ್ರಿಟನ್ನಿಗೆ ಹೋಗುವ ಏರ್ಪಾಡು ನಿಂತಿರಲಿಲ್ಲ. ಜೂನ್ 3 ಮೌರೀನ್‌ಗೆ 21 ತುಂಬಿದ ದಿನ. ಅಂದು ನಡುರಾತ್ರಿ ಕಳೆದ ಮೇಲಿನ ಪಾಳಿಯಲ್ಲಿ ಪಾದರಸ ಸರಸರ ಇಳಿಯುತ್ತಿರುವುದನ್ನು ಆಕೆ ಕಂಡರು, ಬರೆದರು, ಕಳಿಸಿದರು. ಸ್ವಲ್ಪ ಹೊತ್ತಿಗೆ ಫೋನ್ ಬಂತು. ಇಂಗ್ಲಿಷರ ಉಚ್ಚಾರದ ಹೆಣ್ಣುದನಿಯೊಂದು, ಇನ್ನೊಮ್ಮೆ ನೋಡಿ ಹೇಳಿ ಎಂದಿತು. ತಾನೇ ತಪ್ಪಿದೆನೇನೋ ಎಂಬ ಆತಂಕದಲ್ಲಿ ಆಕೆ ದೀಪಸ್ತಂಭದ ಟೆಡ್ ಸ್ವೀನಿ ಅವರನ್ನು ಕರೆದು ತೋರಿಸಿದರು. ಅಂಕಿ ಸರಿಯಾಗಿಯೇ ಇತ್ತು. ಮತ್ತೊಮ್ಮೆ ಫೋನ್ ಬಂತು, ಮತ್ತೊಮ್ಮೆ ಅದೇ ಪ್ರಶ್ನೆ, ಅದೇ ಉತ್ತರ. ಏಕೆ ಕೇಳುತ್ತಿದ್ದಾರೆಂದು ಯಾರೂ ಹೇಳಲಿಲ್ಲ. ತಾನು ಕಳಿಸಿದ ಅಂಕಿ ಎಲ್ಲಿಗೆ ಹೋಯಿತೆಂಬುದು ಆಕೆಗೆ ಗೊತ್ತಾದದ್ದು 1956ರಲ್ಲಿ. ಅಷ್ಟು ಹೊತ್ತಿಗೆ ಆಕೆ ಟೆಡ್ ಅವರನ್ನೇ ಮದುವೆಯಾಗಿ ಮೌರೀನ್ ಸ್ವೀನಿ ಆಗಿದ್ದರು. 2023ರ ಡಿಸೆಂಬರಿನಲ್ಲಿ, ನೂರು ವರ್ಷ ಬಾಳಿ ತೀರಿಕೊಂಡರು.

ಡನ್‌ಸ್ಟಬಲ್‌ನ ಮೇಜಿನ ಮೇಲೆ ಈ ಅಂಕಿಗೆ ಭಾರೀ ತೂಕ ಬಂತು. ಚಂಡಮಾರುತದಂಥ ಒಂದು ವ್ಯವಸ್ಥೆ ನೇರ ಕಡಲ್ಗಾಲುವೆಯತ್ತ ಬರುತ್ತಿದೆ ಎಂಬ ಪೆಟರ್ಸನ್ ಮತ್ತು ಡಗ್ಲಸ್ ಅವರ ಮಾತಿಗೆ ಸಾಕ್ಷಿ ಸಿಕ್ಕಿತು. ಕ್ರಿಕ್ ಮಾತ್ರ ಜೂನ್ 5ಕ್ಕೆ ಹೊರಡಬಹುದು ಎಂದೇ ಪಟ್ಟು ಹಿಡಿದಿದ್ದರು. ಸ್ಟ್ಯಾಗ್ ಬ್ರಿಟಿಷರ ಕಡೆಗೆ ವಾಲಿದರು.

ಜೂನ್ 3ರ ರಾತ್ರಿ ಪೋರ್ಟ್ಸ್‌ಮತ್ ಬಳಿಯ ಸೌತ್‌ವಿಕ್ ಹೌಸ್ ಎಂಬ ಬಂಗಲೆಯ ಗ್ರಂಥಾಲಯದಲ್ಲಿ ಸೇನಾಪತಿಗಳು ಕೂತರು. ಸ್ಟ್ಯಾಗ್ ಹೇಳಿದ್ದು: ಸೋಮವಾರ ಗಾಳಿ ಜೋರು, ಮೋಡ ತಗ್ಗು, ದಾಳಿಗೆ ಆಗದ ಹವೆ. ನಸುಕಿನ ನಾಲ್ಕೂಕಾಲಕ್ಕೆ ಮತ್ತೆ ಸೇರಿದಾಗಲೂ ಅದೇ ಮಾತು. ಆ ಹೊತ್ತಿಗೆ ಹೊರಗೆ ಆಕಾಶ ತಿಳಿಯಾಗಿತ್ತು, ಗಾಳಿ ಇಲ್ಲವೆನ್ನುವಷ್ಟು ಸೌಮ್ಯ. ಕಿಟಕಿಯಿಂದ ಕಾಣುವ ಆಕಾಶ ಒಂದು ಹೇಳುತ್ತಿದೆ, ತಜ್ಞರ ನಕ್ಷೆ ಇನ್ನೊಂದು. ಭೂಸೇನೆಯ ಮಾಂಟ್ಗೊಮೆರಿ, ಆದರೂ ಹೊರಡೋಣ ಎಂದರು. ಐಸೆನ್‌ಹೋವರ್ ನಕ್ಷೆಯ ಮಾತಿಗೆ ಬೆಲೆ ಕೊಟ್ಟು 24 ಗಂಟೆ ಮುಂದೂಡಿದರು. ಆಗಲೇ ಕಡಲಿಗೆ ಇಳಿದಿದ್ದ ಹಡಗುಗಳು ಹಿಂದಿರುಗಬೇಕಾಯಿತು. ಸುದ್ದಿ ತಲುಪದೆ ಮುಂದೆ ಸಾಗುತ್ತಿದ್ದ ಒಂದು ಗುಂಪನ್ನು ವಿಮಾನ ಕಳಿಸಿ ತಿರುಗಿಸಿದರು. ದೋಣಿಗಳಲ್ಲಿ ಒತ್ತೊತ್ತಾಗಿ ಕೂತು, ವಾಂತಿ ಮಾಡಿಕೊಂಡು ಬಸವಳಿದ ಸೈನಿಕರನ್ನು ಇನ್ನೂ ಒಂದು ದಿನ ಹಾಗೇ ಇಟ್ಟುಕೊಳ್ಳುವುದು ಸಣ್ಣ ಮಾತಾಗಿರಲಿಲ್ಲ. ಗುಟ್ಟು ಹೊರಬೀಳುವ ಭಯ ಬೇರೆ.

ಭಾನುವಾರ, ಜೂನ್ 4ರ ಸಂಜೆಗೆ ಹೇಳಿದಂತೆಯೇ ಗಾಳಿ ಮಳೆ ಬಂತು. ರಾತ್ರಿ ಒಂಬತ್ತೂವರೆಗೆ ಮತ್ತೆ ಅದೇ ಗ್ರಂಥಾಲಯ. ಈ ಸಲ ಸ್ಟ್ಯಾಗ್ ಒಂದು ಸಣ್ಣ ಬದಲಾವಣೆ ತಂದಿದ್ದರು: ಶೀತ ಮಾರುತದ ಮುಂಚೂಣಿಯೊಂದು ಎಣಿಸಿದ್ದಕ್ಕಿಂತ ಬೇಗ ಹಾದುಹೋಗುತ್ತಿದೆ, ಅದರ ಬೆನ್ನಿಗೆ ಸೋಮವಾರ ಮಧ್ಯಾಹ್ನದಿಂದ ಮಂಗಳವಾರದವರೆಗೆ ಸ್ವಲ್ಪ ಬಿಡುವು ಸಿಗಬಹುದು. ಆ ಬಿಡುವು ಎಷ್ಟು ಹೊತ್ತು ಎಂಬುದಕ್ಕೆ ಅವರು ಭರವಸೆ ಕೊಡಲಿಲ್ಲ. ಮುಂದಿನ ದಿನಗಳಿಗೆ ಅನುಮಾನವನ್ನು ಉಳಿಸಿಯೇ ಮಾತಾಡಿದರು. ವಾಯುಪಡೆಯ ಲೀ-ಮಲ್ಲೊರಿ ಮತ್ತು ಟೆಡ್ಡರ್ ಅವರಿಗೆ ಅಳುಕು. ಮಾಂಟ್ಗೊಮೆರಿ ಹೊರಡೋಣ ಎಂದರು. ನೌಕಾಪಡೆಯ ರ‍್ಯಾಮ್ಸೆ, ಮಂಗಳವಾರವೇ ಆಗಬೇಕಾದರೆ ಇನ್ನು ಅರ್ಧ ಗಂಟೆಯೊಳಗೆ ಹಡಗುಗಳಿಗೆ ಆಜ್ಞೆ ಹೋಗಬೇಕೆಂದು ನೆನಪಿಸಿದರು. ಐಸೆನ್‌ಹೋವರ್ ಹೊರಡಲು ಒಪ್ಪಿದರು. ಸೋಮವಾರ ನಸುಕಿನಲ್ಲಿ ಕೊನೆಯ ಸಲ ಸೇರಿದಾಗ ಸ್ಟ್ಯಾಗ್ ಅವರ ಮಾತು ಬದಲಾಗಿರಲಿಲ್ಲ, ತೀರ್ಮಾನ ಗಟ್ಟಿಯಾಯಿತು. ಆ ಬೆಳಗ್ಗೆ ತಾವು ತಂಗಿದ್ದ ಶಿಬಿರವೇ ನಡುಗುವಂತೆ ಗಾಳಿ ಬೀಸುತ್ತಿತ್ತು, ಮಳೆ ಅಡ್ಡಡ್ಡವಾಗಿ ಹೊಡೆಯುತ್ತಿತ್ತು ಎಂದು ಐಸೆನ್‌ಹೋವರ್ ಮುಂದೆ ಬರೆದುಕೊಂಡಿದ್ದಾರೆ. ತಿಳಿಯಾದ ಆಕಾಶದ ಕೆಳಗೆ ನಿಂತು ಬೇಡವೆಂದರು, ಸುರಿಮಳೆಯ ನಡುವೆ ಕೂತು ಹೊರಡಿ ಎಂದರು. ಹವಾಮಾನ ಶಾಸ್ತ್ರ ಯುದ್ಧಕ್ಕೆ ಕೊಟ್ಟದ್ದು ಈ ಧೈರ್ಯವನ್ನು.

ಸೋಮವಾರವೇ ಐಸೆನ್‌ಹೋವರ್ ಒಂದು ಸಣ್ಣ ಚೀಟಿ ಬರೆದು ಇಟ್ಟುಕೊಂಡರು. ದಾಳಿ ಸೋತರೆ ಲೋಕಕ್ಕೆ ಹೇಳಬೇಕಾದ ನಾಲ್ಕು ಮಾತು. ಸಿಕ್ಕ ಮಾಹಿತಿಯಲ್ಲಿ ಅತ್ಯುತ್ತಮವಾದದ್ದನ್ನು ಆಧರಿಸಿ ಈ ಹೊತ್ತು, ಈ ಜಾಗ ಆರಿಸಿದೆ, ತಪ್ಪೇನಾದರೂ ಇದ್ದರೆ ಅದು ತನ್ನೊಬ್ಬನದು ಎಂಬುದು ಅದರ ಸಾರ. ಪಡೆಗಳನ್ನು ಹಿಂದಕ್ಕೆ ಕರೆಸಲಾಗಿದೆ ಎಂದು ಮೊದಲು ಬರೆದದ್ದನ್ನು ಅವರು ಹೊಡೆದು ಹಾಕಿ, ಪಡೆಗಳನ್ನು ನಾನು ಹಿಂದಕ್ಕೆ ಕರೆಸಿದ್ದೇನೆ ಎಂದು ತಿದ್ದಿದ್ದಾರೆ. ಕರ್ಮಣಿ ಪ್ರಯೋಗ ಹೋಗಿ ಕರ್ತರಿ ಬಂತು. ಕೆಳಗೆ ತಾರೀಖನ್ನು ಜೂನ್ 5ರ ಬದಲು ಜುಲೈ 5 ಎಂದು ತಪ್ಪಾಗಿ ಹಾಕಿದ್ದಾರೆ. ಆ ದಿನ ಅವರ ಮನಸ್ಸು ಹೇಗಿತ್ತೆಂದು ಊಹಿಸಲು ಆ ಒಂದು ತಪ್ಪು ಸಾಕು. ಆ ಚೀಟಿಯಲ್ಲಿ ಹವಾಮಾನದವರ ಮೇಲೆ ಒಂದು ಶಬ್ದವೂ ಇಲ್ಲ. ಮುನ್ಸೂಚನೆ ಹೇಳುವುದು ಒಬ್ಬರ ಕೆಲಸ, ಅದನ್ನು ಹೊತ್ತುಕೊಳ್ಳುವುದು ಇನ್ನೊಬ್ಬರ ಕೆಲಸ ಎಂದು ತಿಳಿದ ಮನುಷ್ಯ ಅವರು.

ಹಾಗಾದರೆ ಮುನ್ಸೂಚನೆ ನಿಜವಾಯಿತೇ? ಅರ್ಧ. ಬಿಡುವು ಬಂತು, ಆದರೆ ಆಸೆಪಟ್ಟಷ್ಟು ಬರಲಿಲ್ಲ. ಮೋಡದಿಂದಾಗಿ ಪ್ಯಾರಾಚೂಟಿನವರು ದಿಕ್ಕುಪಾಲಾಗಿ ಇಳಿದರು. ಅಮೆರಿಕನ್ನರು ಇಳಿದ ಒಮಾಹಾ ದಂಡೆಯಲ್ಲಿ ಬಾಂಬರ್‌ಗಳು ಮೋಡದ ಮೇಲಿಂದ ತಮ್ಮವರ ಮೇಲೇ ಬಿದ್ದೀತೆಂದು ತಡಮಾಡಿ ಹಾಕಿದ ಬಾಂಬುಗಳು ಒಳನಾಡಿನ ಹೊಲಗಳಿಗೆ ಬಿದ್ದವು, ಜರ್ಮನ್ ಬಂದೂಕುಗಳು ಹಾಗೇ ಉಳಿದವು. ಅಲ್ಲೇ, ತೇಲುವಂತೆ ಮಾಡಿದ ಟ್ಯಾಂಕುಗಳ ಒಂದು ದಳದಲ್ಲಿ ಕಡಲಿಗೆ ಇಳಿಸಿದ 29ರಲ್ಲಿ 27 ಅಲೆಗೆ ಮುಳುಗಿದವು. ಸ್ಟ್ಯಾಗ್ ಹೇಳಿದ್ದು ಒಳ್ಳೆಯ ಹವೆ ಎಂದಲ್ಲ, ಹೇಗೋ ಸಹಿಸಬಹುದಾದ ಹವೆ ಎಂದು. ಅದರ ಬೆಲೆಯನ್ನು ಸೈನಿಕರು ಪ್ರಾಣದಿಂದ ತೆತ್ತರು. ಸರಿಯಾದ ಮುನ್ಸೂಚನೆಯಿಂದ ಎಲ್ಲ ಸುಗಮವಾಯಿತು ಎಂದು ಬರೆಯುವವರು ಒಮಾಹಾದ ನೀರನ್ನು ಮರೆತಿರುತ್ತಾರೆ.

ಆಚೆ ಕಡೆ ಜರ್ಮನ್ನರಿಗೆ ಅಟ್ಲಾಂಟಿಕ್ಕಿನ ಅಂಕಿಗಳ ಬರ. ಅವರ ಕೆಲವು ಹವಾಮಾನ ಹಡಗುಗಳನ್ನು ಬ್ರಿಟಿಷರು 1941ರಲ್ಲೇ ಹಿಡಿದಿದ್ದರು. 1943ರಲ್ಲಿ ಜಲಾಂತರ್ಗಾಮಿಯೊಂದು ಕೆನಡಾದ ಲ್ಯಾಬ್ರಡಾರ್ ತೀರದಲ್ಲಿ ಗುಟ್ಟಾಗಿ ಸ್ವಯಂಚಾಲಿತ ಕೇಂದ್ರವೊಂದನ್ನು ನಿಲ್ಲಿಸಿ ಬಂದಿತ್ತು. ಹವೆಯ ನಾಲ್ಕು ಅಂಕಿಗೆ ಅಷ್ಟು ದೂರ ಹೋಗುತ್ತಿದ್ದರು! ಬ್ರಿಟನ್ನಿನಲ್ಲಿಯೂ ಯುದ್ಧ ಮುಗಿಯುವವರೆಗೆ ರೇಡಿಯೊದಲ್ಲಿ ಹವಾಮಾನ ಮುನ್ಸೂಚನೆ ಬಂದ್ ಆಗಿತ್ತು. ಅದೂ ಮದ್ದುಗುಂಡಿನಷ್ಟೇ ಕಾಪಿಡಬೇಕಾದ ವಸ್ತು. ಬರಲಿರುವ ಕೆಟ್ಟ ಹವೆ ಜರ್ಮನ್ನರಿಗೆ ಕಂಡಿತು, ನಡುವಿನ ಬಿಡುವಿನಲ್ಲಿ ಶತ್ರು ಬಂದಾನೆಂದು ಅನಿಸಲಿಲ್ಲ. ಗಸ್ತಿನ ದೋಣಿಗಳು ಬಂದರಿನಲ್ಲೇ ಉಳಿದವು. ಜೂನ್ 6 ರೊಮೆಲ್‌ನ ಹೆಂಡತಿ ಲೂಸಿಯ ಹುಟ್ಟುಹಬ್ಬ. ಆತ ಎರಡು ದಿನ ಮೊದಲೇ ಜರ್ಮನಿಯ ಮನೆಗೆ ಹೊರಟುಹೋಗಿದ್ದ.

ಅದೇ ವರ್ಷ ಇದರ ತದ್ವಿರುದ್ಧದ್ದೂ ನಡೆಯಿತು. ಡಿಸೆಂಬರಿನಲ್ಲಿ ಫಿಲಿಪ್ಪೀನ್ಸಿನ ಪೂರ್ವಕ್ಕೆ ಅಡ್ಮಿರಲ್ ಹಾಲ್ಸಿಯ ಅಮೆರಿಕನ್ ನೌಕಾದಳ ಚಂಡಮಾರುತದ ದಾರಿಯನ್ನು ತಪ್ಪಾಗಿ ಅಂದಾಜು ಮಾಡಿ ಅದರೊಳಕ್ಕೇ ನುಗ್ಗಿತು. ಶತ್ರುವಿನ ಒಂದು ಗುಂಡೂ ಹಾರದೆ ಮೂರು ಯುದ್ಧನೌಕೆಗಳು ಮುಳುಗಿ ಎಂಟುನೂರರ ಹತ್ತಿರ ನಾವಿಕರು ಸತ್ತರು.

ನಮ್ಮ ಸೈನ್ಯದ ಬಗ್ಗೆ ಕೇಳಿದಿರಿ. 1971ರ ಏಪ್ರಿಲಿನಲ್ಲಿ ಪೂರ್ವ ಪಾಕಿಸ್ತಾನಕ್ಕೆ ಕೂಡಲೇ ಸೈನ್ಯ ನುಗ್ಗಿಸುವ ಮಾತು ಬಂದಾಗ ಸೇನಾ ಮುಖ್ಯಸ್ಥ ಮಾಣೆಕ್‌ಷಾ ಒಪ್ಪಲಿಲ್ಲ. ಮುಂಗಾರು ಹಿಡಿದರೆ ಅಲ್ಲಿನ ನದಿಗಳು ಕಡಲಾಗುತ್ತವೆ, ಟ್ಯಾಂಕು, ಲಾರಿಗಳು ರಸ್ತೆ ಬಿಟ್ಟು ಇಳಿಯುವಂತಿಲ್ಲ. ಬೇಸಿಗೆಯಲ್ಲಿ ಹಿಮಾಲಯದ ಕಣಿವೆಗಳು ತೆರೆದಿರುವುದರಿಂದ ಚೀನಾದ ಕಡೆಗೂ ಕಣ್ಣಿಟ್ಟಿರಬೇಕು. ಚಳಿಗಾಲದವರೆಗೆ ಕಾದರೆ ಬಂಗಾಳದ ನೆಲ ಒಣಗಿರುತ್ತದೆ, ಕಣಿವೆಗಳನ್ನು ಹಿಮ ಮುಚ್ಚಿರುತ್ತದೆ. ಅವರು ಕಾದರು. ಯುದ್ಧ ಡಿಸೆಂಬರ್ 3ಕ್ಕೆ ಶುರುವಾಗಿ 16ಕ್ಕೆ ಢಾಕಾದಲ್ಲಿ ಮುಗಿಯಿತು. ಇದು ನಾಳೆಯ ಮೋಡದ ಮುನ್ಸೂಚನೆಯಲ್ಲ, ಋತುವಿನ ತಿಳಿವಳಿಕೆ. ನಮ್ಮ ರೈತರು ಮಳೆ ನಕ್ಷತ್ರ ನೋಡಿ ಬಿತ್ತನೆಗೆ ಇಳಿಯುವುದಕ್ಕೆ ಹತ್ತಿರವಾದದ್ದು. ಸ್ಟ್ಯಾಗ್ ಮಾಡಬೇಕಾಗಿದ್ದ ಕೆಲಸ ಅದಕ್ಕಿಂತ ಇಕ್ಕಟ್ಟಿನದು: ಮೂವತ್ತಾರು ಗಂಟೆಯ ಕಿಂಡಿಯೊಂದನ್ನು ಹುಡುಕಿ, ಅದು ನಿಜವಾಗಿ ತೆರೆಯುತ್ತದೆಯೇ ಎಂದು ಹೇಳುವುದು.

ಕೊನೆಯದಾಗಿ, ‘ಇವತ್ತಿಗೂ ತಪ್ಪುತ್ತದಲ್ಲ’ ಎಂಬ ನಿಮ್ಮ ಮಾತಿಗೆ. ಜೂನ್ 6ರ ಮುನ್ಸೂಚನೆಯನ್ನು ಸರಿ ತಪ್ಪು ಎಂಬ ಎರಡೇ ಮಾತಲ್ಲಿ ಅಳೆದರೆ ಅದು ನ್ಯಾಯವಲ್ಲ. ಅದರ ಬೆಲೆ ಗೊತ್ತಾಗುವುದು, ಐಸೆನ್‌ಹೋವರ್ ಎದುರಿಗಿದ್ದ ಇನ್ನೊಂದು ದಾರಿಯ ಪಕ್ಕಕ್ಕಿಟ್ಟು ನೋಡಿದಾಗ. ಆ ರಾತ್ರಿ ಬೇಡ ಎಂದಿದ್ದರೆ ಮುಂದಿನ ಉಬ್ಬರ ಸರಿಹೊಂದುವುದು ಜೂನ್ 19ರ ಆಸುಪಾಸಿಗೆ. ಜೂನ್ 19ರಂದು ಕಡಲ್ಗಾಲುವೆಯಲ್ಲಿ ಬಿರುಗಾಳಿ ಎದ್ದು ಮೂರು ದಿನಕ್ಕೂ ಹೆಚ್ಚು ಬಿಡಲಿಲ್ಲ. ದಂಡೆಗೆ ಇಳಿದಿದ್ದ ಸೈನ್ಯಕ್ಕೆ ಸಾಮಾನು ಇಳಿಸಲು ಒಮಾಹಾದಲ್ಲಿ ಕಟ್ಟಿದ್ದ ಕೃತಕ ಬಂದರು ಮತ್ತೆ ಬಳಸಲಾಗದಂತೆ ಪುಡಿಯಾಯಿತು. ಆ ಗಾಳಿಯ ಬಗ್ಗೆ ಸ್ಟ್ಯಾಗ್ ಒಂದು ಟಿಪ್ಪಣಿ ಕಳಿಸಿದರು. ಐಸೆನ್‌ಹೋವರ್ ಅದರ ಮೇಲೆಯೇ, ಹೊರಟ ದಿನವೇ ಹೊರಟದ್ದಕ್ಕೆ ಯುದ್ಧದೇವತೆಗಳಿಗೂ ಸ್ಟ್ಯಾಗ್ ಅವರಿಗೂ ಕೃತಜ್ಞತೆ ಎಂಬರ್ಥದ ಒಂದು ಸಾಲು ಗೀಚಿ ಹಿಂದಕ್ಕೆ ಕಳಿಸಿದರು.